ನ್ಯೂಜೆರ್ಸಿ ಪಬ್ಲಿಕ್ ಸ್ಕೂಲಿನ ನರ್ಸ್ ಆಫೀಸ್: ಮೂರು ವರ್ಷ ಓಡಾಡಿದ ಅಮ್ಮನ ರಿವ್ಯೂ, 5ಕ್ಕೆ 4 ಸ್ಟಾರ್

11:40ಕ್ಕೆ ಫೋನ್ ರಿಂಗ್ ಆದ್ರೆ ನೋಡೋದೇ ಬೇಡ, ಸ್ಕೂಲ್ ನರ್ಸ್‌ದೇ. ಸುಮಾರು ದಿನ ಹೀಗೇ ಇತ್ತು ನಮ್ಮನೆ ಕಥೆ. ಆಫೀಸಲ್ಲಿ ಮೀಟಿಂಗ್ ನಡೀತಿದ್ರೂ ಆ ಟೈಮಿಗೆ ಕೈ ತಾನಾಗೇ ಫೋನ್ ಹುಡ್ಕೋದು. ನಮ್ಮ ಕನ್ನಡದೋರ ಗ್ರೂಪಲ್ಲಿ ಯಾವ ಡೆಂಟಿಸ್ಟ್ ಪರವಾಗಿಲ್ಲ, ಸೋನಾ ಮಸೂರಿ ಎಲ್ಲಿ ಸೇಲಲ್ಲಿದೆ, ಗ್ಯಾರೇಜ್ ಬಾಗಿಲು ರಿಪೇರಿಗೆ ಯಾರನ್ನ ಕರೀಬೇಕು, ಎಲ್ಲಾದಕ್ಕೂ ರಿವ್ಯೂ ಬೀಳುತ್ತೆ, ಆದ್ರೆ ಮಗ ಕ್ಲಾಸಲ್ಲಿ ತಲೆ ಕೆಟ್ಟು ಕುರ್ಚಿ ಎಸೆದ್ರೆ ಅಲ್ಲಿ ಅವನನ್ನ ಯಾರು ನೋಡ್ಕೋತಾರೆ ಅಂತ ಒಬ್ರೂ ಬರೆಯಲ್ಲ. ಯಾಕೆ ಬರೆಯಲ್ಲ ಅಂತ ನಿಮಗೂ ಗೊತ್ತು ನನಗೂ ಗೊತ್ತು. ಅದಕ್ಕೇ ನಾನು ಬರೀತಿದೀನಿ. ಸ್ಕೂಲ್ ಹೆಸ್ರು, ಊರು, ನರ್ಸ್ ಹೆಸ್ರು ಯಾವ್ದೂ ಹಾಕಲ್ಲ, ನಾಳೆ ಮಗ ದೊಡ್ಡವನಾಗಿ ಇದನ್ನ ಓದಿದ್ರೆ ನನ್ನ ಬೈಬಾರ್ದು ಅಷ್ಟೇ.

ನಾವು ಬೆಂಗಳೂರಿಂದ ಇಲ್ಲಿಗೆ ಬಂದಿದ್ದು 2021ರ ಆಗಸ್ಟಲ್ಲಿ, ಅವನಿಗೆ ಆಗ ನಾಲ್ಕನೇ ಕ್ಲಾಸು. ಅಲ್ಲಿ ಅವನ ಸ್ಕೂಲಲ್ಲಿ ಸಿಕ್ ರೂಮ್ ಅಂತ ಒಂದಿತ್ತು, ಎರಡು ಮಂಚ, ಒಂದು ಥರ್ಮಾಮೀಟರು, ಬಿದ್ದು ಮಂಡಿ ತರಚ್ಕೊಂಡ್ರೆ ಡೆಟಾಲ್ ಹತ್ತಿ. ಸಿಸ್ಟರ್ ಪಾಪ ಒಳ್ಳೇವ್ರೇ, ಆದ್ರೆ ಹೊಟ್ಟೆನೋವು ಅಂತ ಹೋದ್ರೆ ಒಂದು ಲೋಟ ನೀರು ಕುಡ್ಸಿ ವಾಪಸ್ ಕಳಿಸೋರು. ಹಾಗಾಗಿ ಇಲ್ಲಿ ಮಿಡ್ಲ್ ಸ್ಕೂಲಿಗೆ ಸೇರಿಸ್ದಾಗ್ಲೂ ನರ್ಸ್ ಅಂದ್ರೆ ಬ್ಯಾಂಡೇಜ್ ಹಾಕೋರು, ವ್ಯಾಕ್ಸಿನ್ ಪೇಪರ್ ಕೊಡಿ ಕೊಡಿ ಅಂತ ತಲೆ ತಿನ್ನೋರು, ಅಷ್ಟೇ ಅಂದ್ಕೊಂಡಿದ್ದೆ. ತಪ್ಪು. ನ್ಯೂಜೆರ್ಸಿಯಲ್ಲಿ ಸ್ಕೂಲ್ ನರ್ಸ್ ಆಗ್ಬೇಕಂದ್ರೆ ರಿಜಿಸ್ಟರ್ಡ್ ನರ್ಸ್ ಆಗಿರ್ಬೇಕು, ಅದ್ರ ಮೇಲೆ ಶಿಕ್ಷಣ ಇಲಾಖೆ ಕೊಡೋ ಸ್ಕೂಲ್ ನರ್ಸ್ ಸರ್ಟಿಫಿಕೇಟೂ ಬೇಕು, ಮತ್ತೆ ದಿನದ ಮಾತ್ರೆ ಏನಾದ್ರೂ ಕೊಡೋದಿದ್ರೆ ಟೀಚರು, ಆಫೀಸಿನ ಕ್ಲರ್ಕು ಯಾರೂ ಕೊಡೋ ಹಾಗಿಲ್ಲ. ಅಲರ್ಜಿ ಇಂಜೆಕ್ಷನ್ ಥರ ಎಮರ್ಜೆನ್ಸಿ ಬೇರೆ ಲೆಕ್ಕ. ಟೆಕ್ಸಾಸು, ಕ್ಯಾಲಿಫೋರ್ನಿಯಾ ಅಂತ ಬೇರೆ ಕಡೆ ಇರೋರು ಇದನ್ನ ಹಾಗೇ ನಂಬ್ಬೇಡಿ, ಎಷ್ಟೋ ರಾಜ್ಯದಲ್ಲಿ ಟ್ರೇನಿಂಗ್ ಕೊಟ್ಟು ಆಫೀಸ್ ಸ್ಟಾಫ್ ಕೈಲೇ ಮಾತ್ರೆ ಕೊಡಿಸ್ತಾರೆ, ನಿಮ್ಮ ಸ್ಕೂಲಲ್ಲಿ ಹೇಗೆ ಅಂತ ಮೊದ್ಲೇ ಕೇಳ್ಕೊಳ್ಳಿ.

ಸರಿ, ಆರನೇ ಕ್ಲಾಸು ಶುರುವಾಗಿ ಮೂರನೇ ವಾರಕ್ಕೆ ಹೊಟ್ಟೆನೋವು ಶುರು. ಫೋನ್ ಬರೋದು, ನಾನು ಕೆಲಸ ಬಿಟ್ಟು ಓಡೋದು, ಮನೆಗೆ ಕರ್ಕೊಂಡ್ ಬಂದ್ರೆ ಅರ್ಧ ಗಂಟೇಲಿ ಹುಡುಗ ಆರಾಮಾಗಿ ದೋಸೆ ತಿಂತಿರೋನು. ನಮ್ಮನೆಯವ್ರು, ಸೋಮಾರಿ ಇವನು ನಾಟ್ಕ ಮಾಡ್ತಿದಾನೆ ಅಂದ್ರು. ಅತ್ತೆ ಆಗ ಆರು ತಿಂಗಳಿಗೆ ಬಂದಿದ್ರು, ಅವರು ಓಮ ಜಗಿಸಿದ್ರು, ಆಮೇಲೆ ದೃಷ್ಟಿ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಸ್ಮೋಕ್ ಅಲಾರಾಂ ಹೊಡ್ಕೊಂಡು ಪಕ್ಕದ ಮನೆ ಅಜ್ಜ ಬಾಗಿಲು ತಟ್ಟಿದ್ದೂ ಆಯ್ತು. ಪೀಡಿಯಾಟ್ರಿಶಿಯನ್ ಹೊಟ್ಟೆ ಒತ್ತಿ ನೋಡಿ ಏನೂ ಇಲ್ಲ ಅಂದ್ರು.

ನರ್ಸ್ ಮೇಡಂ ಮಾತ್ರ ನಾಟ್ಕ ಅನ್ನೋ ಮಾತೇ ಎತ್ತಲಿಲ್ಲ. ಒಂದಿನ ನಾನು ಕರ್ಕೊಂಡ್ ಹೋಗಕ್ಕೆ ಬಂದಾಗ, ಐದು ನಿಮಿಷ ಇದ್ಯಾ ಅಂತ ಒಳಗೆ ಕೂರಿಸಿ ಒಂದು ಪ್ರಿಂಟ್‌ಔಟ್ ಕೈಗೆ ಕೊಟ್ರು. ಅವನು ಬಂದ ತಾರೀಕು, ಟೈಮು, ಯಾವ ಕ್ಲಾಸಿಂದ ಎದ್ದು ಬಂದ, ಟೆಂಪರೇಚರ್, ಪಲ್ಸ್, ಎಷ್ಟು ಹೊತ್ತು ಮಲಗಿದ್ದ, ಎಲ್ಲಾ ಸಾಲಾಗಿ. ಆರು ವಾರಕ್ಕೆ ಹದಿನಾಲ್ಕು ಸಲ ಬಂದಿದಾನೆ, ಅದ್ರಲ್ಲಿ ಹನ್ನೊಂದು ಸಲ ಮಂಗಳವಾರ ಇಲ್ಲಾ ಗುರುವಾರ, ಹನ್ನೊಂದೂವರೆ ಆಸುಪಾಸು. ಜ್ವರ ಒಂದು ಸಲಾನೂ ಇಲ್ಲ, ಆದ್ರೆ ಸುಮ್ನೆ ಕೂತಲ್ಲೇ ಪಲ್ಸ್ 118. ಇವನಿಗೆ ನೋವು ನಿಜ, ಆದ್ರೆ ನೋವಿನ ಮೂಲ ಹೊಟ್ಟೇಲಿಲ್ಲ ಅನ್ಸುತ್ತೆ, ಮಂಗಳವಾರ ಗುರುವಾರ ಆ ಟೈಮಿಗೆ ಏನಿದೆ ಗೊತ್ತಾ ಅಂತ ಕೇಳಿದ್ರು. ನಾನು ಬೆಪ್ಪು ಥರ ನೋಡ್ದೆ. ಪಿಇ, ಅಂದ್ರೆ ಆಟದ ಕ್ಲಾಸ್ ಇದೆ, ಅದಕ್ಕೂ ಮುಂಚೆ ಲಾಕರ್ ರೂಮಲ್ಲಿ ಬಟ್ಟೆ ಬದ್ಲಾಯಿಸ್ಬೇಕು ಅಂದ್ರು.

ಉಡಿದಾರ ಕಣ್ರೀ. ಅಜ್ಜಿ ಕಟ್ಟಿದ್ದ ಕಪ್ಪು ಉಡಿದಾರ. ಬಟ್ಟೆ ಬದ್ಲಾಯಿಸುವಾಗ ಹುಡುಗ್ರು ಅದನ್ನ ನೋಡಿ ಏನೇನೋ ಅಂದಿದಾರೆ, ಒಬ್ಬ ಹಿಂದಿನಿಂದ ಎಳ್ದಿದಾನೆ, ಇನ್ನೊಬ್ಬ ಫೋನ್ ತೆಗ್ದಿದಾನೆ. ಮನೇಲಿ ಹೇಳಿದ್ರೆ ಅಜ್ಜಿಗೆ ಬೇಜಾರಾಗುತ್ತೆ, ತೆಗೀತೀನಿ ಅಂದ್ರೆ ಅಪ್ಪ ಬೈತಾರೆ, ಟೀಚರಿಗೆ ಹೇಳಿದ್ರೆ ಚಾಡಿಕೋರ ಅಂತಾರೆ. ಹನ್ನೊಂದು ವರ್ಷದ ಮಗು ಇಷ್ಟೆಲ್ಲಾ ಲೆಕ್ಕ ಹಾಕಿ ಕೊನೆಗೆ ಹೊಟ್ಟೆನೋವು ಅಂತ ಹೋಗಿ ಮಲಗ್ತಿದ್ದ. ನರ್ಸ್ ಹತ್ರ ಹೇಗೆ ಬಾಯಿಬಿಟ್ಟ ಅಂದ್ರೆ, ಹೊಟ್ಟೆ ನೋಡೋಕೆ ಶರ್ಟ್ ಎತ್ತಿದಾಗ ಅವರು ದಾರ ನೋಡಿ, ಇದು ನಿಮ್ಮನೆ ಪದ್ಧತಿನಾ, ಚೆನ್ನಾಗಿದೆ, ಯಾರು ಕಟ್ಟಿದ್ದು ಅಂತ ಕೇಳಿದ್ರಂತೆ. ಅಷ್ಟೇ. ಹುಡುಗ ಅಳೋಕೆ ಶುರು ಮಾಡ್ದ.

ಮಾರನೇ ವಾರದಿಂದ ನರ್ಸ್ ಆಫೀಸಿನ ಬಾತ್‌ರೂಮಲ್ಲೇ ಬಟ್ಟೆ ಬದ್ಲಾಯಿಸೋ ಹಾಗೆ ಮಾಡಿದ್ರು, ಎಳೆದ ಹುಡುಗನ ವಿಷ್ಯ ವೈಸ್ ಪ್ರಿನ್ಸಿಪಾಲ್ ಹತ್ರ ಹೋಯ್ತು. ಹೊಟ್ಟೆನೋವು ಅಲ್ಲಿಗೇ ನಿಂತುಹೋಯ್ತು ಅಂದ್ರೆ ಕಥೆ ಚೆನ್ನಾಗಿರೋದು, ನಿಲ್ಲಲಿಲ್ಲ, ಕಮ್ಮಿ ಆಯ್ತು.

ಯಾಕಂದ್ರೆ ಒಳಗೆ ಇನ್ನೂ ಇತ್ತು. ಜನವರಿಯಲ್ಲಿ ಒಂದಿನ ಮ್ಯಾತ್ಸ್ ಕ್ಲಾಸಲ್ಲಿ ಟೀಚರ್ ಟೆಸ್ಟ್ ಪೇಪರ್ ವಾಪಸ್ ಇಸ್ಕೊಂಡ್ರು ಅಂತ ಕುರ್ಚಿ ಎತ್ತಿ ಗೋಡೆಗೆ ಹೊಡ್ದ. ಬೇರೆ ಮಕ್ಕಳನ್ನೆಲ್ಲ ಕಾರಿಡಾರಿಗೆ ಕಳ್ಸಿದ್ರು. ಇದನ್ನ ಆಮೇಲೆ ಕೌನ್ಸೆಲರ್ ಹೇಳಿದ್ದು: ನರ್ಸ್ ಮೇಡಂ ಬಂದು ಬಾಗಿಲ ಹತ್ರ ನೆಲದ ಮೇಲೆ ಕೂತ್ಬಿಟ್ರಂತೆ, ಅರ್ಧ ಲೈಟ್ ಆರಿಸಿದ್ರಂತೆ, ಮುಟ್ಟಲಿಲ್ಲ, ಯಾಕೆ ಮಾಡ್ದೆ ಅಂತ ಕೇಳಲಿಲ್ಲ, ನಾನು ಇಲ್ಲೇ ಇದೀನಿ ಅಂತ ಎರಡು ಸಲ ಹೇಳಿ ಸುಮ್ಮನಾದ್ರಂತೆ. ಹತ್ತು ನಿಮಿಷ ಆದ್ಮೇಲೆ ಐಸ್ ಪ್ಯಾಕನ್ನ ನೆಲದ ಮೇಲೆ ಅವನ ಕಡೆ ಜಾರಿಸಿದ್ರು, ಕೈ ಗೆಣ್ಣು ಕೆಂಪಾಗಿದೆ ನೋಡು ಅಂತ. ಅದನ್ನ ತಗೊಂಡ. ಆಮೇಲೆ ಆಫೀಸಿಗೆ ಕರ್ಕೊಂಡು ಹೋಗಿ ಕೈ ನೋಡಿ, ಬಿಸ್ಕೆಟ್ ಕೊಟ್ಟು, ನೀರು ಕುಡ್ಸಿ, ಕಣ್ಣಿಗೆ ಕಾಣೋದು ಐದು ಹೇಳು, ಮುಟ್ಟೋಕಾಗೋದು ನಾಲ್ಕು ಹೇಳು, ಕೇಳ್ಸೋದು ಮೂರು ಹೇಳು ಅಂತ ಆಟ ಆಡಿಸಿದ್ರಂತೆ. ನಾನು ಹೋಗೋಷ್ಟರಲ್ಲಿ ಮಂಚದ ಮೇಲೆ ಮುದುರ್ಕೊಂಡು ನಿದ್ದೆ ಮಾಡ್ತಿದ್ದ, ಶೂ ಬಿಚ್ಚಿ ಜೋಡಿಸಿಟ್ಟಿದ್ರು. ಆ ಶೂ ನೋಡಿ ನನಗೆ ತಡ್ಕೊಳೋಕೆ ಆಗ್ಲಿಲ್ಲ.

ಸ್ಕೂಲ್ ಕಡೆಯಿಂದ ಒಂದಿನ ಸಸ್ಪೆನ್ಷನ್ ಆಯ್ತು, ಅದು ರೂಲ್ ಪ್ರಕಾರ, ತಕರಾರಿಲ್ಲ. ಆದ್ರೆ ಅವತ್ತು ಸಂಜೆ ನರ್ಸೇ ಫೋನ್ ಮಾಡಿ, ಡಾಕ್ಟರ್ ಹತ್ರ ಹೋಗುವಾಗ ನನ್ನ ವಿಸಿಟ್ ಲಿಸ್ಟನ್ನೂ ತಗೊಂಡ್ ಹೋಗಿ, ಟೀಚರ್ಸ್ ಹತ್ರ ವ್ಯಾಂಡರ್‌ಬಿಲ್ಟ್ ಫಾರ್ಮ್ ತುಂಬಿಸಿ ಕೊಡಿಸ್ತೀನಿ ಅಂದ್ರು. ಅದೊಂದು ಪ್ರಶ್ನೆ ಪಟ್ಟಿ, ಎಡಿಎಚ್‌ಡಿ, ಅಂದ್ರೆ ಗಮನ ಒಂದ್ಕಡೆ ನಿಲ್ಲದ, ಚಡಪಡಿಕೆ ತಡ್ಕೊಳೋಕಾಗದ ತೊಂದ್ರೆ, ಇದ್ಯಾ ಅಂತ ನೋಡೋಕೆ ಅಪ್ಪ ಅಮ್ಮ ಒಂದು ಟೀಚರ್ ಒಂದು ತುಂಬೋದು. ಚೈಲ್ಡ್ ಸೈಕಿಯಾಟ್ರಿಸ್ಟ್ ಅಪಾಯಿಂಟ್‌ಮೆಂಟಿಗೆ ಹನ್ನೊಂದು ವಾರ ಕಾದ್ವಿ, ಕೊನೆಗೆ ಎಡಿಎಚ್‌ಡಿ ಜೊತೆ ಆಂಕ್ಸೈಟಿ ಅಂತ ಆಯ್ತು, ಮೀಥೈಲ್‌ಫೆನಿಡೇಟ್ ಅನ್ನೋ ಎಡಿಎಚ್‌ಡಿ ಮಾತ್ರೆ ಶುರು ಮಾಡಿದ್ರು, ಥೆರಪಿನೂ.

ಈಗ ನಮ್ಮೋರಿಗೆ ಮುಖ್ಯವಾಗಿ ಹೇಳ್ಬೇಕಾಗಿದ್ದು ಇದು. ನಾವು ಮಾತ್ರೆ ವಿಷ್ಯ ಸ್ಕೂಲಿಗೆ ಹೇಳಲಿಲ್ಲ. ನಮ್ಮನೆಯವ್ರು, ರೆಕಾರ್ಡಲ್ಲಿ ಕೂತ್ಬಿಟ್ರೆ ಕಾಲೇಜಿಗೂ ಅಂಟ್ಕೊಂಡು ಬರುತ್ತೆ, ಬೆಳಿಗ್ಗೆ ಮನೇಲೇ ಕೊಟ್ಟು ಕಳ್ಸೋಣ ಅಂದ್ರು, ನಾನೂ ಹೂಂ ಅಂದೆ, ನನಗೂ ಅದೇ ಬೇಕಿತ್ತು ಅನ್ನಿ. ಎರಡನೇ ವಾರ ಸ್ಕೂಲಲ್ಲಿ ಎದೆ ಡವಡವ ಅಂತ ನರ್ಸ್ ಹತ್ರ ಹೋಗಿದಾನೆ, ಪಲ್ಸ್ 130 ದಾಟಿದೆ, ಅವರು ಫೋನ್ ಮಾಡಿ ಹೊಸದಾಗಿ ಏನಾದ್ರೂ ಮೆಡಿಸಿನ್ ಶುರು ಮಾಡಿದೀರಾ ಅಂತ ನೇರವಾಗಿ ಕೇಳಿದ್ರು, ನಾನು ಇಲ್ಲ ಅಂದ್ಬಿಟ್ಟೆ. ಒಂದು ನಿಮಿಷ ಆ ಕಡೆ ಸದ್ದಿಲ್ಲ. ಆಮೇಲೆ ಅವರು, ಸರಿ, ಹಾಗಾದ್ರೆ ಕಾರಣ ಗೊತ್ತಿಲ್ಲದೆ ಪಲ್ಸ್ ಇಷ್ಟಿದೆ, ನಾನು ಆಂಬ್ಯುಲೆನ್ಸ್ ಕರೀಬೇಕಾಗುತ್ತೆ ಅಂದ್ರು. ಆಗ ನನ್ನ ಬಾಯಿಂದ ಸತ್ಯ ಬಂತು. ಬೈತಾರೆ ಅಂದ್ಕೊಂಡೆ, ಬೈಲಿಲ್ಲ, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ ಕೊಟ್ರಿ, ತಿಂಡಿ ತಿಂದಿದ್ನಾ ಅಂತ ಮೂರು ಪ್ರಶ್ನೆ ಕೇಳಿ ಡಾಕ್ಟರಿಗೆ ಫೋನ್ ಮಾಡಿ ಅಂದ್ರು. ದಯವಿಟ್ಟು ಮುಚ್ಚಿಡ್ಬೇಡಿ. ಸ್ಕೂಲ್ ರೆಕಾರ್ಡಿಗೆ ಫೆರ್ಪಾ ಅಂತ 1974ರ ಕಾನೂನೇ ಇದೆ, ಕಂಡೋರಿಗೆಲ್ಲಾ ತೋರಿಸೋ ಹಾಗಿಲ್ಲ, ಅವನ ಟೀಚರ್ಸಲ್ಲೂ ಕೆಲಸಕ್ಕೆ ಬೇಕಾದೋರಿಗೆ ಬೇಕಾದಷ್ಟೇ ಹೇಳೋದು.

ಆಮೇಲೆ ಮಧ್ಯಾಹ್ನದ ಮಾತ್ರೆ ಸ್ಕೂಲಲ್ಲೇ ಕೊಡೋ ಹಾಗಾಯ್ತು. ಅಲ್ಲಿ ಮಾತ್ರೆ ಕೊಡಿಸೋ ಪದ್ಧತಿ ಹೇಗಿದೆ ಅಂದ್ರೆ, ಮಗು ಬ್ಯಾಗಲ್ಲಿ ಹಾಕಿ ಕಳ್ಸೋ ಹಾಗಿಲ್ಲ, ದೊಡ್ಡೋರೇ ತಗೊಂಡು ಹೋಗ್ಬೇಕು, ಫಾರ್ಮಸಿ ಲೇಬಲ್ ಇರೋ ಡಬ್ಬೀಲೇ ಇರ್ಬೇಕು. ಫಾರ್ಮಸಿಯಲ್ಲಿ ಸ್ಕೂಲಿಗೆ ಇನ್ನೊಂದು ಲೇಬಲ್ ಡಬ್ಬಿ ಕೊಡಿ ಅಂದ್ರೆ ಕೊಡ್ತಾರೆ, ಇದು ನನಗೆ ಆರು ತಿಂಗಳಾದ್ಮೇಲೆ ಗೊತ್ತಾಗಿದ್ದು. ಡಾಕ್ಟರ್ ಸೈನ್, ನಿಮ್ಮ ಸೈನ್, ಪ್ರತಿ ವರ್ಷ ಹೊಸ ಫಾರ್ಮ್. ಈ ಮಾತ್ರೆ ಇಲ್ಲಿ ಶೆಡ್ಯೂಲ್ 2, ಅಂದ್ರೆ ಕಟ್ಟುನಿಟ್ಟಿನ ಲಿಸ್ಟಲ್ಲಿರೋದು, ಅದಕ್ಕೇ ನರ್ಸ್ ನನ್ನೆದುರೇ ಪ್ಲಾಸ್ಟಿಕ್ ತಟ್ಟೇಲಿ ಐದೈದಾಗಿ ಎಣಿಸಿ, ಇಬ್ರೂ ಸೈನ್ ಹಾಕಿ, ಬೀರು ಬೀಗ ಹಾಕೋರು. ನಮ್ಮೂರಲ್ಲಿ ಚಿನ್ನದ ಅಂಗಡೀಲೂ ಇಷ್ಟು ಶ್ರದ್ಧೆಯಿಂದ ಎಣಿಸಲ್ಲ. ಮಧ್ಯಾಹ್ನ ಊಟಕ್ಕೆ ಮುಂಚೆ ಅವನು ಹೋಗಿ ಮಾತ್ರೆ ನುಂಗಿ, ಬಾಯಿ ತೆಗ್ದು ತೋರಿಸಿ ಬರೋನು. ಮೊದಮೊದ್ಲು ಅವಮಾನ ಅಂತಿದ್ದ, ಆಮೇಲೆ ನೋಡಿದ್ರೆ ಆ ಟೈಮಲ್ಲಿ ಅಲ್ಲಿ ಆರೇಳು ಮಕ್ಕಳ ಸಾಲೇ ಇರುತ್ತಂತೆ, ಒಬ್ಬ ಅವನ ಸಾಕರ್ ಟೀಮೋನೇ.

ತಿಂಗಳಿಗೊಂದ್ಸಲ ತೂಕ, ಬಿಪಿ ನೋಡೋರು. ಎರಡು ತಿಂಗಳಿಗೆ ನಾಲ್ಕು ಪೌಂಡ್ ಇಳಿದಿದೆ ಅಂತ ಮೊದ್ಲು ಹೇಳಿದ್ದೂ ಅವರೇ. ನಾನು ದಿನಾ ಬಿಸಿಬೇಳೆಬಾತ್, ಚಪಾತಿ ರೋಲ್ ಅಂತ ಏನೇನೋ ಹಾಕಿ ಕಳ್ಸಿದ್ರೆ ಡಬ್ಬಿ ಹಾಗೇ ವಾಪಸ್ ಬರ್ತಿತ್ತು, ಕೊಬ್ಬು ಜಾಸ್ತಿ ಆಗಿದೆ ಅಂದ್ಕೊಂಡಿದ್ದೆ, ಅದು ಮಾತ್ರೆದು, ಹಸಿವನ್ನೇ ಕೊಂದ್ಬಿಡುತ್ತೆ. ನರ್ಸ್ ಡೋಸ್ ಬದ್ಲಾಯಿಸಲ್ಲ, ಕಾಯಿಲೆ ಹೆಸ್ರೂ ಹೇಳಲ್ಲ, ಅದು ನನ್ನ ಕೆಲಸ ಅಲ್ಲ ಅಂತ ಹತ್ತು ಸಲ ಹೇಳೋರು, ಆದ್ರೆ ಡಾಕ್ಟರಿಗೆ ಬರೆದ ಒಂದೂವರೆ ಪುಟದಲ್ಲಿ ಅಂಕಿ ಸಮೇತ ಎಲ್ಲಾ ಇತ್ತು, ಡಾಕ್ಟರ್ ಅದನ್ನ ನೋಡೇ ಟೈಮಿಂಗ್ ಬದ್ಲಾಯಿಸಿದ್ದು. ಬೆಳಿಗ್ಗೆ ಮೊದ್ಲು ತುಪ್ಪ ಹಾಕಿದ ದೋಸೆ, ಆಮೇಲೆ ಮಾತ್ರೆ. ಸಂಜೆ ಮಾತ್ರೆ ಇಳಿದ್ಮೇಲೆ ಇನ್ನೊಂದು ಊಟ. ತೂಕ ನಿಧಾನಕ್ಕೆ ವಾಪಸ್ ಬಂತು.

504 ಪ್ಲಾನ್ ಬಗ್ಗೆ ಚಿಕ್ಕದಾಗಿ. 1973ರ ಕಾನೂನಿನ ಸೆಕ್ಷನ್ 504ರ ಕೆಳಗೆ, ಕಾಯಿಲೆ ಇರೋ ಮಗುಗೆ ಕ್ಲಾಸಲ್ಲಿ ಏನೇನು ಅನುಕೂಲ ಮಾಡಿಕೊಡ್ಬೇಕು ಅಂತ ಬರೆದು ಕೊಡ್ತಾರೆ. ಪಾಠದ ರೀತೀನೇ ಬದ್ಲಾಗ್ಬೇಕು ಅಂದ್ರೆ ಐಇಪಿ ಅಂತ ಆ ಮಗುಗೇ ಬೇರೆ ಪಾಠದ ಪ್ಲಾನ್, ಅದು ಬೇರೆ ಕಾನೂನು, ಬೇರೆ ಉದ್ದದ ಕಥೆ. ನಮ್ಮ ಮೀಟಿಂಗಲ್ಲಿ ಎಂಟು ಜನ ಇದ್ರು, ನಾನು ಭಾಷಣ ರೆಡಿ ಮಾಡ್ಕೊಂಡು ಹೋಗಿದ್ದೆ, ಅದ್ಯಾವ್ದೂ ಬೇಕಾಗ್ಲಿಲ್ಲ, ನರ್ಸಿನ ಲಾಗ್ ಟೇಬಲ್ ಮೇಲೆ ಇಟ್ಟ ಕೂಡ್ಲೇ ಎಲ್ಲರ ಮಾತೂ ಆ ಕಡೆ ತಿರುಗ್ತು. ಒಂದು ಹಸಿರು ಕಾರ್ಡ್ ಕೊಟ್ರು, ತಲೆ ಬಿಸಿ ಆಗ್ತಿದೆ ಅನ್ಸಿದ್ರೆ ಅದನ್ನ ಟೇಬಲ್ ಮೇಲಿಟ್ಟು ಏನೂ ಹೇಳ್ದೆ ಎದ್ದು ನರ್ಸ್ ಆಫೀಸಿಗೆ ಹೋಗ್ಬಹುದು, ಹತ್ತು ನಿಮಿಷ. ಮ್ಯಾತ್ಸ್ ಟೀಚರಿಗೆ ಇಷ್ಟ ಇರ್ಲಿಲ್ಲ, ಇವನು ದಿನಾ ತಪ್ಪಿಸ್ಕೋತಾನೆ ಅಂದ್ರು. ಮೊದಲ ತಿಂಗಳು ನಿಜವಾಗ್ಲೂ ಒಂದೆರಡು ಸಲ ತಪ್ಪಿಸ್ಕೊಂಡ, ಸುಳ್ಳು ಹೇಳಲ್ಲ.

ಏಳನೇ ಕ್ಲಾಸಲ್ಲಿ ಆಗಿದ್ದನ್ನ ಬರೀಬೇಕೋ ಬೇಡ್ವೋ ಅಂತ ಎರಡು ವಾರ ಯೋಚ್ನೆ ಮಾಡ್ದೆ. ಅವನ ಇಂಗ್ಲಿಷ್ ನೋಟ್‌ಬುಕ್ಕಲ್ಲಿ, ನಾನು ಇಲ್ದಿದ್ರೆ ಎಲ್ಲರಿಗೂ ಆರಾಮು ಅನ್ನೋ ಅರ್ಥದ ಒಂದು ಸಾಲು ಇತ್ತು. ಟೀಚರ್ ನೋಡಿ ಕೌನ್ಸೆಲರಿಗೆ ಕೊಟ್ರು, ಕೌನ್ಸೆಲರ್ ಅವತ್ತು ಟ್ರೇನಿಂಗಿಗೆ ಹೋಗಿದ್ರು, ಹಾಗಾಗಿ ನರ್ಸ್ ಹತ್ರ ಬಂತು. ಅವರು ಅವನನ್ನ ಪಕ್ಕದಲ್ಲೇ ಕೂರಿಸ್ಕೊಂಡು, ಸಾಯ್ಬೇಕು ಅನ್ಸುತ್ತಾ ಅಂತ ನೇರವಾಗೇ ಕೇಳಿದ್ರಂತೆ. ಫೋನಲ್ಲಿ ಇದು ಕೇಳಿ ನನಗೆ ಸಿಟ್ಟು ಬಂತು, ಮಗು ತಲೇಲಿ ಇಲ್ದೇ ಇರೋದನ್ನ ನೀವೇ ಹಾಕ್ತಿದೀರಲ್ಲಾ ಅಂದೆ. ಕೇಳೋದ್ರಿಂದ ತಲೆಗೆ ಬರಲ್ಲ ಅಮ್ಮಾ, ಕೇಳಿದ್ರೆ ಅವರಿಗೆ ಹೇಳ್ಕೊಳೋಕೆ ದಾರಿ ಸಿಗುತ್ತೆ ಅಂದ್ರು. ಅದು ಸರಿ ಅಂತ ಆಮೇಲೆ ಸೈಕಿಯಾಟ್ರಿಸ್ಟೂ ಹೇಳಿದ್ರು. ನಾವು ಬರೋವರೆಗೂ ಅವನನ್ನ ಒಂದು ಕ್ಷಣ ಒಂಟಿಯಾಗಿ ಬಿಡ್ಲಿಲ್ಲ, ಬಾತ್‌ರೂಮಿಗೆ ಹೋದಾಗ್ಲೂ ಬಾಗಿಲ ಹೊರಗೆ ನಿಂತಿದ್ರಂತೆ. ನಾವು ಹೋದ್ಮೇಲೆ ಮನೇಲಿ ಮಾಡ್ಬೇಕಾಗಿದ್ದು ಹೇಳಿದ್ರು: ಮಾತ್ರೆ ಎಲ್ಲಾ ಬೀಗ ಹಾಕಿ, ಅವನದ್ದು ಮಾತ್ರ ಅಲ್ಲ, ಅಜ್ಜಿ ಬಿಪಿ ಮಾತ್ರೆ, ಬಚ್ಚಲುಮನೆ ಕಪಾಟಿನ ಟೈಲೆನಾಲ್, ಅಂದ್ರೆ ನಮ್ಮ ಪ್ಯಾರಾಸಿಟಮಾಲ್, ಎಲ್ಲಾ. ಟೈಲೆನಾಲ್ ನನಗೆ ಹೊಳೆದೇ ಇರ್ಲಿಲ್ಲ. ಅವತ್ತು ರಾತ್ರಿ ಸೂಟ್‌ಕೇಸಿಗೆ ತುಂಬಿ ನಂಬರ್ ಲಾಕ್ ಹಾಕಿದ್ದು, ಈಗ್ಲೂ ಹಾಗೇ ಇದೆ.

ಸಾಯೋ ಯೋಚ್ನೆ, ಮನಸ್ಸಿನ ಕಷ್ಟ ಬಂದಾಗ ಸಹಾಯಕ್ಕೆ ಅಂತ 988 ಅನ್ನೋ ನಂಬರ್ 2022ರ ಜುಲೈಯಿಂದ ದೇಶಪೂರ್ತಿ ಇದೆ, ಫೋನ್ ಮಾಡ್ಬಹುದು ಮೆಸೇಜೂ ಮಾಡ್ಬಹುದು. ನ್ಯೂಜೆರ್ಸಿಯಲ್ಲಿ ಮಕ್ಕಳಿಗೇ ಅಂತ ಪರ್ಫಾರ್ಮ್‌ಕೇರ್ ಲೈನ್ ಇದೆ, 1-877-652-7624, ದಿನದ 24 ಗಂಟೆನೂ, ಬೇಕಾದ್ರೆ ಮನೆಗೇ ಜನ ಕಳಿಸ್ತಾರೆ. ನಮ್ಮನೆಗೆ ಅವತ್ತು ಸಂಜೆ ಇಬ್ರು ಬಂದ್ರು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಒಂದೂವರೆ ಗಂಟೆ ಕೂತು ಮಾತಾಡಿದ್ರು, ಅತ್ತೆ ಪದ್ಧತಿ ಪ್ರಕಾರ ಕಾಫಿ ಮಾಡಿ ಕೊಟ್ರು. ಪೊಲೀಸು ಗಿಲೀಸು ಏನಿಲ್ಲ, ಹೆದ್ರಬೇಡಿ.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕೆ ಅಂತ ಈಗ ಹೇಳ್ತೀನಿ. ಆ ಘಟನೆ ಆದ್ಮೇಲೆ ವಾಪಸ್ ಸ್ಕೂಲಿಗೆ ಬರೋಕೆ ಕ್ಲಿಯರೆನ್ಸ್ ಲೆಟರ್ ಬೇಕು ಅಂತ ಡಿಸ್ಟ್ರಿಕ್ಟ್ ರೂಲು, ಆದ್ರೆ ಲೆಟರ್ ಕೊಡೋ ಡಾಕ್ಟರ್ ಸಿಗ್ಬೇಕಲ್ಲ, ನಾಲ್ಕು ದಿನ ಮನೇಲಿ ಕೂತ. ಯಾರನ್ನ ಒಂಟಿಯಾಗಿ ಬಿಡ್ಬಾರ್ದು ಅಂತ ಹೇಳ್ತಾರೋ ಅವನನ್ನೇ ಫ್ರೆಂಡ್ಸಿಂದ, ಕ್ಲಾಸಿಂದ ದೂರ ಇಡೋದು ಇದ್ಯಾವ ನ್ಯಾಯ ಅಂತ ನನಗೆ ಇವತ್ತಿಗೂ ಕೋಪ ಇದೆ. ನರ್ಸಿಗೂ ಅದು ಇಷ್ಟ ಇರ್ಲಿಲ್ಲ ಅಂತ ಮುಖ ನೋಡಿದ್ರೆ ಗೊತ್ತಾಗ್ತಿತ್ತು, ಆದ್ರೆ ಅವರ ಕೈಲಿಲ್ಲ.

ಇನ್ನೊಂದು, ಒಬ್ರೇ ನರ್ಸು, ಎಂಟುನೂರು ಚಿಲ್ಲರೆ ಮಕ್ಕಳು. ಪ್ರತಿ ಸ್ಕೂಲಿಗೆ ಕಮ್ಮಿ ಅಂದ್ರೆ ಒಬ್ರು ಫುಲ್ ಟೈಮ್ ನರ್ಸ್ ಇರ್ಬೇಕು ಅಂತ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2016ರಲ್ಲೇ ಹೇಳಿದೆ, ನಮ್ಮಲ್ಲಿ ಅಷ್ಟಾದ್ರೂ ಇದೆ, ದೇಶದಲ್ಲಿ ಎಷ್ಟೋ ಸ್ಕೂಲಿಗೆ ಅದೂ ಇಲ್ಲ. ಆದ್ರೆ ಒಂದಿನ ನಾನು ವೇಟಿಂಗ್ ಚೇರಲ್ಲಿ ಇಪ್ಪತ್ತು ನಿಮಿಷ ಕೂತಿದ್ದಾಗ ನೋಡಿದ್ದು: ಮೂಗಲ್ಲಿ ರಕ್ತ ಬರ್ತಿರೋ ಹುಡುಗ ಒಬ್ಬ, ಇನ್ಸುಲಿನ್ ತಗೊಳೋಕೆ ಬಂದ ಹುಡುಗಿ, ಹಲ್ಲಿನ ಕ್ಲಿಪ್ ಮುರ್ಕೊಂಡೋಳು, ಇನ್‌ಹೇಲರ್ ಮನೇಲಿ ಮರೆತು ಬಂದೋನು, ಜೊತೆಗೆ ಮೂಲೇಲಿ ಗೋಡೆ ಕಡೆ ಮುಖ ಮಾಡಿ ಸುಮ್ನೆ ಕಣ್ಣೀರು ಹಾಕ್ತಿದ್ದ ಒಂದು ಹುಡುಗಿ. ಅವಳ ಹತ್ರ ಹೋಗಿ ಕೂರೋಕೆ ಮೇಡಂಗೆ ಟೈಮೇ ಸಿಗ್ತಿಲ್ಲ, ಹೋಗ್ತಾ ಬರ್ತಾ ಭುಜ ಮುಟ್ಟಿ ಎರಡೇ ನಿಮಿಷ ಅಂತಿದ್ರು. ಮಧ್ಯದಲ್ಲಿ ಬರೀ ಒಂದು ಪರದೆ, ಯಾರು ಏನು ಹೇಳಿದ್ರೂ ಎಲ್ಲರಿಗೂ ಕೇಳ್ಸುತ್ತೆ. ಇಷ್ಟು ತೆರಿಗೆ ಕಟ್ತೀವಿ, ಮಾತಾಡೋಕೆ ಬಾಗಿಲಿರೋ ಒಂದು ಕೋಣೆ ಕೊಡೋಕಾಗಲ್ವಾ?

ನರ್ಸ್ ರಜೆ ಹಾಕಿದ್ರೆ ಸಬ್, ಅಂದ್ರೆ ಬದಲಿ ನರ್ಸ್ ಬರ್ತಾರೆ. ಮಾತ್ರೆ ಸರಿಯಾಗೇ ಕೊಡ್ತಾರೆ, ಅದು ಬರೆದಿಟ್ಟಿರುತ್ತೆ. ಆದ್ರೆ ಹಸಿರು ಕಾರ್ಡ್ ಅಂದ್ರೇನು ಅಂತ ಒಬ್ರಿಗೆ ಗೊತ್ತಿರ್ಲಿಲ್ಲ, ಹುಷಾರಾಗಿದೀಯಲ್ಲ ಕ್ಲಾಸಿಗೆ ನಡಿ ಅಂತ ಕಳ್ಸಿದ್ರು, ಅವತ್ತು ಕ್ಲಾಸಲ್ಲಿ ದೊಡ್ಡ ರಾದ್ಧಾಂತ. ಇಷ್ಟೆಲ್ಲಾ ಒಬ್ಬ ವ್ಯಕ್ತಿ ತಲೇಲಿ ಕೂತಿದೆ, ಅವರು ಇಲ್ದಿದ್ರೆ ಇಲ್ಲ.

ಭಾಷೆ ವಿಷ್ಯ ಕೇಳಿ, ನಗ್ತೀರ. ಒಂದಿನ ನಾವಿಬ್ರೂ ಫೋನ್ ಎತ್ತಲಿಲ್ಲ ಅಂತ ಮೂರನೇ ನಂಬರಿಗೆ, ಅಂದ್ರೆ ಅತ್ತೆಗೆ ಮಾಡಿದಾರೆ, ಇಂಡಿಯಾದೋರು ಅಂತ ಲೈನಲ್ಲಿ ಹಿಂದಿ ಇಂಟರ್‌ಪ್ರಿಟರ್ ಕೂರಿಸಿದಾರೆ. ನಮ್ಮತ್ತೆ ಹಾಸನ ಬಿಟ್ಟು ಹೊರಗೆ ಬಂದಿದ್ದೇ ಅರವತ್ತರ ಮೇಲೆ, ಹಿಂದಿ ಅಂದ್ರೆ ಅಚ್ಛಾ, ಠೀಕ್ ಹೈ ಎರಡೇ ಗೊತ್ತು, ಎಲ್ಲಾದಕ್ಕೂ ಅದೇ ಹೇಳಿದಾರೆ. ಹುಡುಗನ್ನ ಬಸ್ಸಲ್ಲಿ ಕಳಿಸ್ಬಹುದಾ ಅಂದ್ರೂ ಅಚ್ಛಾ, ನೀವೇ ಬರ್ತೀರಾ ಅಂದ್ರೂ ಠೀಕ್ ಹೈ. ಆ ಕಡೆ ಅವರು ಕಾಯ್ತಿದಾರೆ, ಈ ಕಡೆ ಇವರು ಕಾಯ್ತಿದಾರೆ. ಫಾರ್ಮಲ್ಲಿ ಮನೆ ಭಾಷೆ ಅಂತ ಒಂದು ಕಾಲಂ ಇರುತ್ತೆ, ಅಲ್ಲಿ ಇಂಗ್ಲಿಷ್ ಅಂತ ಸ್ಟೈಲಾಗಿ ಹಾಕ್ಬೇಡಿ, ಕನ್ನಡ ಅಂತ ಬರೀರಿ, ಕನ್ನಡದ ಇಂಟರ್‌ಪ್ರಿಟರಿಗೆ ಕಾಯ್ಬೇಕಾಗ್ಬಹುದು, ಆದ್ರೂ ಕೇಳಿ ಇಸ್ಕೊಳ್ಳಿ.

ನಮ್ಮ ಮಗಂಗೆ ಮಾತ್ರ ಯಾಕೆ ಹೀಗೆ ಅಂತ ಅಳ್ತಾ ಕೂರೋರಿಗೆ ಒಂದು ಅಂಕಿ ಹೇಳ್ಲಾ? ಅಮೆರಿಕಾ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯವರು 2023ರಲ್ಲಿ ಹೈಸ್ಕೂಲ್ ಮಕ್ಕಳನ್ನ ಕೇಳಿದಾಗ 10ರಲ್ಲಿ 4 ಮಕ್ಕಳು, ಹಿಂದಿನ ವರ್ಷದಲ್ಲಿ ಬಿಡದೇ ಕಾಡಿದ ದುಃಖ ಇತ್ತು ಅಂದಿದಾರೆ. ಸಾಕರ್ ಪ್ರಾಕ್ಟೀಸಲ್ಲಿ ಬೆಂಚ್ ಮೇಲೆ ಕೂತಿರೋ ಅಮ್ಮಂದಿರನ್ನ ಎಣಿಸ್ಕೊಳ್ಳಿ.

ಆ ಆಫೀಸಿನ ಗೋಡೆ ಮೇಲೆ ಒಂದು ಹಳೇ ಫೋಟೋ ಇದೆ, ಲಿನಾ ರೋಜರ್ಸ್ ಅಂತ, ಅಮೆರಿಕಾದ ಮೊದಲ ಸ್ಕೂಲ್ ನರ್ಸು, 1902ರ ಅಕ್ಟೋಬರಲ್ಲಿ ನ್ಯೂಯಾರ್ಕಲ್ಲಿ ಶುರು ಮಾಡಿದ್ದು. ಒಂದು ತಿಂಗಳ ಟ್ರಯಲ್ಲಿಗೆ ಅಂತ ನಾಲ್ಕು ಸ್ಕೂಲಿಗೆ ಹಾಕಿದ್ರಂತೆ. ಆಗ ಕಜ್ಜಿ, ಹೇನು, ಕಣ್ಣುಬೇನೆ ಅಂತ ಮಕ್ಕಳನ್ನ ಮನೆಗೆ ಅಟ್ಟೋರು, ಮನೇಲಿ ಔಷಧಿ ಮಾಡೋರಿಲ್ಲ, ಮಗು ವಾಪಸ್ ಬರ್ತಿರ್ಲಿಲ್ಲ. ಈಯಮ್ಮ ಅಲ್ಲೇ ಮುಲಾಮು ಹಚ್ಚಿ ಕ್ಲಾಸಿಗೆ ಕಳ್ಸಿದ್ರು, ಮನೆ ಮನೆಗೂ ಹೋದ್ರು, ಒಂದು ವರ್ಷಕ್ಕೆ ಹೀಗೆ ಕಾಯಿಲೆ ಅಂತ ಮನೆಗೆ ಅಟ್ಟೋದು ಹತ್ತರಲ್ಲಿ ಒಂಬತ್ತು ಭಾಗ ಇಳೀತು. ಈಗ ಹೇನಿನ ಜಾಗಕ್ಕೆ ಪ್ಯಾನಿಕ್ ಅಟ್ಯಾಕ್ ಬಂದಿದೆ, ಕೆಲಸ ಅದೇ ಅಂತ ಮೇಡಂ ನಕ್ಕು ಹೇಳಿದ್ರು. ಮೇ ತಿಂಗಳಲ್ಲಿ ಸ್ಕೂಲ್ ನರ್ಸ್ ಡೇ ಬರುತ್ತೆ, ನಾನು ಮೈಸೂರ್‌ಪಾಕ್ ಮಾಡ್ಕೊಂಡು ಹೋದೆ, ಅವರು ಮೊದ್ಲು ಕೇಳಿದ್ದು ಇದ್ರಲ್ಲಿ ನಟ್ಸ್ ಇದ್ಯಾ ಅಂತ.

ಊರಲ್ಲಿರೋ ನನ್ನ ತಂಗಿ ಇದೆಲ್ಲಾ ಕೇಳಿ, ನಮ್ಮಲ್ಲಿ ಎಲ್ಲಿದೆ ಅಕ್ಕ ಇಂಥಾದ್ದು ಅಂದ್ಲು. ಅಲ್ಲಿ ಸರ್ಕಾರಿ ಶಾಲೆಗೆ ಆರ್‌ಬಿಎಸ್‌ಕೆ ಅನ್ನೋ ಸರ್ಕಾರಿ ಆರೋಗ್ಯ ತಪಾಸಣೆ ಟೀಮ್ ವರ್ಷಕ್ಕೊಂದ್ಸಲ ಬಂದು ಮಕ್ಕಳನ್ನ ನೋಡಿ ಹೋಗ್ತಾರೆ, ದಿನಾ ಕೂರೋ ನರ್ಸ್ ಇರಲ್ಲ. ಆದ್ರೆ ಏನೂ ಇಲ್ಲ ಅಂತೇನಿಲ್ಲ. ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ, 14416, 2022ರ ಅಕ್ಟೋಬರಿಂದ ಇದೆ, ನಮ್ಮ ನಿಮ್ಹಾನ್ಸೇ ಅದಕ್ಕೆ ದೊಡ್ಡಣ್ಣ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ತಾಲೂಕು ಆಸ್ಪತ್ರೇಲಿ ಮಂಗಳವಾರ ಮನೋಚೈತನ್ಯ ಅಂತ ಮಾನಸಿಕ ಆರೋಗ್ಯದ ಕ್ಲಿನಿಕ್ ಇರುತ್ತೆ. ಅವಳ ಮಗಳಿಗೆ ಪರೀಕ್ಷೆ ಟೈಮಲ್ಲಿ ಕೈ ನಡುಗೋದು, ವಾಂತಿ, 14416ಗೆ ಫೋನ್ ಮಾಡಿಸ್ದೆ, ಎರಡನೇ ಸಲಕ್ಕೆ ಹುಡುಗಿ ತಾನೇ ಮಾತಾಡಿದ್ಲಂತೆ.

ಈಗ ಮಗ ಎಂಟನೇ ಕ್ಲಾಸ್ ಮುಗಿಸ್ದ. ಹಸಿರು ಕಾರ್ಡ್ ಈ ವರ್ಷ ಪೂರ್ತಿ ಒಂಬತ್ತು ಸಲ ಬಳಸಿದಾನೆ, ಅದೂ ಲಾಗಲ್ಲಿದೆ. ಜೂನ್ ಕೊನೇ ದಿನ ಉಳಿದ ಮಾತ್ರೆ ವಾಪಸ್ ತರೋಕೆ ಹೋಗಿದ್ದೆ, ತಗೊಂಡು ಹೋಗ್ಲಿಲ್ಲ ಅಂದ್ರೆ ಅವರು ನಾಶ ಮಾಡ್ತಾರೆ. ಅದೇ ಪ್ಲಾಸ್ಟಿಕ್ ತಟ್ಟೆ, ಐದು, ಹತ್ತು, ಹನ್ನೊಂದು, ಹನ್ನೆರಡು, ಇಬ್ರೂ ಸೈನ್. ಉಡಿದಾರ ಇನ್ನೂ ಇದ್ಯಾ ಅಂತ ಕೇಳಿದ್ರು. ಅವನೇ ಹೋದ ದೀಪಾವಳಿಗೆ ಹೊಸದು ಕಟ್ಟಿಸ್ಕೊಂಡ ಅಂದೆ.

ಸೆಪ್ಟೆಂಬರಿಂದ ಹೈಸ್ಕೂಲು, ಬೇರೆ ಬಿಲ್ಡಿಂಗು, ಬೇರೆ ನರ್ಸು. ಫೈಲ್ ತಾನಾಗೇ ಹೋಗುತ್ತೆ ಅಂತಾರೆ, ನಾನು ನಂಬಿಲ್ಲ, ಎಲ್ಲಾದರದ್ದೂ ಒಂದು ಕಾಪಿ ಇಸ್ಕೊಂಡಿದೀನಿ. ನೀವೂ ಮಾತ್ರೆ ಫಾರ್ಮಿಗೆ ಡಾಕ್ಟರ್ ಸೈನನ್ನ ಜುಲೈಯಲ್ಲೇ ಹಾಕಿಸಿಟ್ಕೊಳ್ಳಿ, ಸ್ಕೂಲ್ ಶುರುವಾಗೋ ವಾರ ಕ್ಲಿನಿಕ್ಕಲ್ಲೂ ಕ್ಯೂ, ನರ್ಸ್ ಆಫೀಸಲ್ಲೂ ಕ್ಯೂ, ಪಾರ್ಕಿಂಗ್ ಅಂತೂ ಕೇಳ್ಲೇಬೇಡಿ.